ಮೇಲಿನ ಶೆಲ್ಫಿನಲ್ಲಿ ಗ್ಲೇಜ್ ಹರಿದಿದೆ, ಕೆಳಗೆ ಕರಗಿಯೇ ಇಲ್ಲ: ಆವಿಗೆ ಒಟ್ಟುವಾಗ ಎಲ್ಲಿ ತಪ್ಪಿದೆ?

ಹೊಸ ತಿಗರಿ

ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ತಿಗರಿ ಇಟ್ಟುಕೊಂಡು ಎರಡು ವರ್ಷಗಳಿಂದ ಮಣ್ಣಿನ ಕೆಲಸ ಮಾಡುತ್ತಿದ್ದೇನೆ. ಇಷ್ಟು ದಿನ ಬೇರೆಯವರ ಆವಿಗೆಯಲ್ಲಿ ಜಾಗ ಕೇಳಿ ಸುಡಿಸಿಕೊಳ್ಳುತ್ತಿದ್ದವಳು ಈಗ ಸ್ವಂತಕ್ಕೊಂದು ಸಣ್ಣ ವಿದ್ಯುತ್ ಆವಿಗೆ ತಂದಿದ್ದೇನೆ. ಮೇಲಿನಿಂದ ಮುಚ್ಚಳ ತೆರೆಯುವ ಬಗೆಯದು. ಒಳಗೆ ಸುಮಾರು 45 ಸೆಂ.ಮೀ. ಅಗಲ, ಅಷ್ಟೇ ಆಳ. ನಡುಮಟ್ಟದಲ್ಲಿ ಉಷ್ಣತೆ ಅಳೆಯುವ ಒಂದೇ ಥರ್ಮೋಕಪಲ್ ಇದೆ. ಹೊರಗಿನ ಕಂಟ್ರೋಲರ್ ಅದರ ಅಂಕಿಯನ್ನು ತೋರಿಸುತ್ತದೆ.

ಬಿಸ್ಕ್ ಸುಡುವಿಕೆ, ಅಂದರೆ ಗಾಜಿನಂಥ ಹೊದಿಕೆಯಾದ ಗ್ಲೇಜ್ ಹಚ್ಚುವ ಮೊದಲಿನ ಸುಡುವಿಕೆ, ಎರಡು ಸಲ ಆಯಿತು. ಮೊದಲ ಸಲ ದಪ್ಪ ಬುಡದ ಒಂದು ಹೂಜಿ ಒಡೆದು ಚೂರಾಗಿ ಅಕ್ಕಪಕ್ಕದ ಮೂರು ಲೋಟಗಳನ್ನೂ ಹಾಳು ಮಾಡಿತು. ಮೊನ್ನೆ ಮೊದಲ ಗ್ಲೇಜ್ ಸುಡುವಿಕೆ. ಗ್ಲೇಜ್ ಡಬ್ಬಿಯ ಮೇಲೆ, ಅದು ಹದವಾಗುವ ಮಟ್ಟ ಕೋನ್ 6 ಎಂದಿತ್ತು. ಕೋಷ್ಟಕದಲ್ಲಿ ಕೋನ್ 6 ಎಂದರೆ 1222 ಡಿಗ್ರಿ ಸೆಲ್ಸಿಯಸ್ ಎಂದು ನೋಡಿಕೊಂಡು, 600 ಡಿಗ್ರಿಯವರೆಗೆ ಗಂಟೆಗೆ 100ರಂತೆ, ಅಲ್ಲಿಂದ ಮುಂದೆ ಗಂಟೆಗೆ 150ರಂತೆ ಏರಿಸಿ, 1222 ತೋರಿಸಿದ ಕೂಡಲೇ ಆರುವಂತೆ ಹೊಂದಿಸಿದೆ. ಕೆಳಗಿನ ಶೆಲ್ಫಿನಲ್ಲಿ ಇಪ್ಪತ್ತೆರಡು ಸಣ್ಣ ಲೋಟ, ಬಟ್ಟಲುಗಳನ್ನು ಒತ್ತೊತ್ತಾಗಿ ಜೋಡಿಸಿ, ಅದರ ಮೇಲಿನ ಶೆಲ್ಫಿನಲ್ಲಿ ಮೂರು ಎತ್ತರದ ಹೂಜಿಗಳನ್ನಷ್ಟೇ ಇಟ್ಟಿದ್ದೆ.

ತೆರೆದು ನೋಡಿದಾಗ ಕೆಳಗಿನ ಬಟ್ಟಲುಗಳ ಒಳಮೈ ಉಜ್ಜುಕಾಗದದಂತೆ ತರಿತರಿಯಾಗಿತ್ತು, ಬಣ್ಣವೂ ಮಂಕು. ಮೇಲಿನ ಎರಡು ಹೂಜಿಗಳಲ್ಲಿ ಗ್ಲೇಜ್ ಹರಿದು, ಬುಡ ದಾಟಿ, ಶೆಲ್ಫಿಗೆ ಅಂಟಿಕೊಂಡಿತ್ತು. ಉಳಿ ಹಾಕಿ ಎಬ್ಬಿಸಿದಾಗ ಒಂದರ ಬುಡವೇ ಕಿತ್ತುಬಂತು, ಶೆಲ್ಫಿನಲ್ಲಿ ಗುಳಿ ಬಿತ್ತು. ಒಂದೇ ಆವಿಗೆಯಲ್ಲಿ, ಒಂದೇ ಹೊತ್ತಿನಲ್ಲಿ ಹೆಚ್ಚು ಸುಟ್ಟದ್ದೂ ಅರೆಬೆಂದದ್ದೂ ಹೇಗೆ ಸಾಧ್ಯ? ತಿಳಿದವರು ದಯವಿಟ್ಟು ಹೇಳಿ.

ಹಳೆಯ ಆವಿಗೆ

ನಿಮ್ಮ ವಿವರಣೆ ಚೆನ್ನಾಗಿದೆ, ಆದರೆ ಅದರಲ್ಲಿ ಒಂದು ಮುಖ್ಯ ಸಾಕ್ಷಿ ಇಲ್ಲ. ಶೆಲ್ಫುಗಳ ಮೇಲೆ ಕೋನ್‌ಗಳನ್ನು, ಅಂದರೆ ಗೊತ್ತಾದ ಹದ ಮುಟ್ಟಿದಾಗ ಬಾಗುವ ಸಣ್ಣ ಮೊನೆಗಳನ್ನು, ಇಟ್ಟಿರಲಿಲ್ಲ ಅಲ್ಲವೇ? ಇಟ್ಟಿದ್ದರೆ ಅವುಗಳ ಮಾತು ಎತ್ತದೆ ಇರುತ್ತಿರಲಿಲ್ಲ.

ಕಂಟ್ರೋಲರ್ ಹೇಳುವುದು ಥರ್ಮೋಕಪಲ್ಲಿನ ತುದಿ ಇರುವ ಆ ಒಂದು ಬಿಂದುವಿನ ಉಷ್ಣತೆಯನ್ನು ಮಾತ್ರ. ಮಣ್ಣು ಮತ್ತು ಗ್ಲೇಜ್ ಕರಗಿ ಹದವಾಗುವುದು ಬರೀ ಉಷ್ಣತೆಯಿಂದಲ್ಲ. ಆ ಉಷ್ಣತೆಯಲ್ಲಿ ಎಷ್ಟು ಹೊತ್ತು ಇದ್ದವು ಎಂಬುದೂ ಅಷ್ಟೇ ಮುಖ್ಯ. ಕೋನ್ ಅಳೆಯುವುದು ಈ ಎರಡರ ಒಟ್ಟು ಪರಿಣಾಮವನ್ನು. ಆದ್ದರಿಂದಲೇ ಕೋಷ್ಟಕದಲ್ಲಿ ಪ್ರತಿ ಕೋನಿಗೂ ಒಂದಕ್ಕಿಂತ ಹೆಚ್ಚು ಅಂಕಿಗಳಿರುತ್ತವೆ. ನೀವು ನೋಡಿದ 1222 ಎಂಬುದು ಕೊನೆಯ ಹಂತದಲ್ಲಿ ಗಂಟೆಗೆ 60 ಡಿಗ್ರಿಯಂತೆ ನಿಧಾನವಾಗಿ ಏರಿಸುವವರಿಗೆ. ಗಂಟೆಗೆ 150ರಂತೆ ಓಡಿಸಿದರೆ ಅದೇ ಕೋನ್ ಬಾಗಲು ಸುಮಾರು 20 ಡಿಗ್ರಿ ಹೆಚ್ಚು ಬೇಕು. ಅಂದರೆ ನಿಮ್ಮ ಆವಿಗೆಯ ನಡುಭಾಗವೇ ಕೋನ್ 6 ಮುಟ್ಟಿರಲಾರದು. ಕೆಳಭಾಗದ ಮಾತು ಇನ್ನು ಹೇಳಬೇಕಾಗಿಲ್ಲ.

ಇದು ಹೊಸ ತಿಳಿವಳಿಕೆಯೇನಲ್ಲ. 1782ರಲ್ಲಿ ಜೊಸಾಯ ವೆಡ್ಜ್‌ವುಡ್ ಮಣ್ಣಿನ ಸಣ್ಣ ತುಂಡುಗಳನ್ನು ಆವಿಗೆಯಲ್ಲಿಟ್ಟು, ಅವು ಎಷ್ಟು ಕುಗ್ಗಿದವು ಎಂಬುದನ್ನು ಕಿರಿದಾಗುತ್ತ ಹೋಗುವ ಒಂದು ತೋಡಿನಲ್ಲಿ ಜಾರಿಸಿ ಅಳೆಯುವ ಉಪಾಯ ಪ್ರಕಟಿಸಿದ. 1886ರಲ್ಲಿ ಜರ್ಮನಿಯ ಹೆರ್ಮಾನ್ ಸೇಗರ್ ಗೊತ್ತಾದ ಹದದಲ್ಲಿ ಬಾಗುವ ಕೋನ್‌ಗಳನ್ನು ರೂಪಿಸಿದ. ಹತ್ತು ವರ್ಷದ ನಂತರ ಅಮೆರಿಕದಲ್ಲಿ ಎಡ್ವರ್ಡ್ ಆರ್ಟನ್ ಅವನ್ನು ತಯಾರಿಸಲಾರಂಭಿಸಿದ. ಮೂವರೂ ಮಾಡಿದ್ದು ಒಂದೇ ಕೆಲಸ: ಒಳಗೆ ಏನು ನಡೆಯಿತೆಂದು ಮಣ್ಣನ್ನೇ ಕೇಳಿದ್ದು.

ಮುಂದಿನ ಸಲ ಪ್ರತಿ ಶೆಲ್ಫಿನ ಮೇಲೂ 5, 6, 7 ಎಂಬ ಮೂರು ಕೋನ್‌ಗಳನ್ನು ಸಾಲಾಗಿ ನಿಲ್ಲಿಸಿ. ಅವನ್ನು ನೆಟ್ಟಗೆ ನಿಲ್ಲಿಸಬಾರದು. ಎಂಟು ಡಿಗ್ರಿಯಷ್ಟು ವಾಲಿರಬೇಕು. ಸ್ವಂತ ಬುಡವಿರುವ ಕೋನ್‌ಗಳಲ್ಲಿ ಆ ವಾಲುವಿಕೆ ಮೊದಲೇ ಇರುತ್ತದೆ. ಒಂದು ಕೋನಿನ ತುದಿ ಬಾಗಿ ಅದರ ಬುಡದ ಮಟ್ಟಕ್ಕೆ ಬಂದರೆ ಆ ಹದ ಮುಟ್ಟಿದೆ ಎಂದರ್ಥ. ಇನ್ನೊಂದು ಮಾತು: ಕೊಳ್ಳುವಾಗ 06 ಮತ್ತು 6 ಎಂಬ ಗುರುತುಗಳನ್ನು ಎರಡೆರಡು ಸಲ ಓದಿ. ಸೊನ್ನೆ ಇರುವುದು ಬಿಸ್ಕಿನದು, 1000 ಡಿಗ್ರಿಯ ಆಸುಪಾಸಿನದು. ಅವೆರಡರ ನಡುವೆ 220 ಡಿಗ್ರಿಗೂ ಹೆಚ್ಚಿನ ಅಂತರವಿದೆ. ನಾನು ಒಮ್ಮೆ ಆ ಸೊನ್ನೆಯನ್ನು ಮರೆತು, 06ರಲ್ಲಿ ಹದವಾಗುವ ಮಣ್ಣನ್ನು ಕೋನ್ 6ಕ್ಕೆ ಸುಟ್ಟು, ಶೆಲ್ಫಿನ ಮೇಲೆ ಹೆಂಟೆಯ ಆಕಾರದ ಕಪ್ಪು ಗಾಜನ್ನು ಪಡೆದವನು.

ಕೆಮ್ಮಣ್ಣು

ಹಿರಿಯರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಕೋನ್ ರೋಗವನ್ನು ತೋರಿಸುತ್ತದೆಯೇ ಹೊರತು ವಾಸಿ ಮಾಡುವುದಿಲ್ಲ. ನನಗೆ ಕಾಣುವಂತೆ ಇಲ್ಲಿನ ತಪ್ಪು ಸ್ವಿಚ್ ಒತ್ತುವ ಮೊದಲೇ ಆಗಿದೆ. ಇಪ್ಪತ್ತೆರಡು ಪಾತ್ರೆ ಕೆಳಗೆ, ಮೂರು ಮೇಲೆ ಎಂದಿರಿ. ವಿದ್ಯುತ್ ಆವಿಗೆಯಲ್ಲಿ ಉರಿ ಹರಿದಾಡುವುದಿಲ್ಲ. ಗೋಡೆಯ ಕಾಯಿಲ್‌ಗಳು ಕೆಂಪಾಗಿ ಸೂಸುವ ಕಾವನ್ನು ಎದುರಿಗಿರುವ ಮಣ್ಣು, ಶೆಲ್ಫು, ಅದನ್ನು ಹೊರುವ ಪೋಸ್ಟುಗಳೆಲ್ಲವೂ ಕುಡಿಯುತ್ತವೆ. ಎಲ್ಲಿ ತೂಕ ಹೆಚ್ಚೋ ಅಲ್ಲಿ ಕಾವು ಏರುವುದು ತಡ. ಅದರ ಮೇಲೆ ತಳದಿಂದ ಹೊರಕ್ಕೆ ಕಾವು ಸೋರುತ್ತಲೇ ಇರುತ್ತದೆ. ತಣ್ಣಗಿರುವ ಜಾಗಕ್ಕೇ ಎಲ್ಲ ಭಾರ ಹೇರಿದ್ದೀರಿ, ಬಿಸಿ ಇರುವ ಜಾಗವನ್ನು ಬರಿದಾಗಿ ಬಿಟ್ಟಿದ್ದೀರಿ.

ನಾನು ಒಟ್ಟುವ ಕ್ರಮ ಹೇಳುತ್ತೇನೆ. ತಳದ ಇಟ್ಟಿಗೆಯ ಮೇಲೆ ನೇರವಾಗಿ ಏನನ್ನೂ ಇಡುವುದಿಲ್ಲ. ಎರಡೂವರೆ ಸೆಂಟಿಮೀಟರಿನ ಮೂರು ಪೋಸ್ಟುಗಳ ಮೇಲೆ ಮೊದಲ ಶೆಲ್ಫನ್ನು ಕೂರಿಸುತ್ತೇನೆ, ಅದರ ಅಡಿಯಲ್ಲೂ ಬಿಸಿಗಾಳಿ ಆಡಬೇಕು. ನಾಲ್ಕು ಪೋಸ್ಟುಗಳಿಗಿಂತ ಮೂರು ಮೇಲು, ಏಕೆಂದರೆ ಮೂರು ಕಾಲಿನ ಮಣೆ ಎಂದೂ ಕುಂಟುವುದಿಲ್ಲ. ಮೇಲಿನ ಶೆಲ್ಫಿನ ಪೋಸ್ಟುಗಳು ಕೆಳಗಿನ ಪೋಸ್ಟುಗಳ ನೆತ್ತಿಯ ಮೇಲೇ ನಿಲ್ಲಬೇಕು. ಅತ್ತಿತ್ತ ಸರಿದರೆ ಭಾರ ಶೆಲ್ಫಿನ ನಡುವೆ ಬಿದ್ದು, ಬಿಸಿಯಲ್ಲಿ ಅದು ಬಾಗಿ, ಕೊನೆಗೆ ಸೀಳುತ್ತದೆ. ಶೆಲ್ಫನ್ನು ಇಳಿಸುವ ಮೊದಲು ಬೆರಳ ಗೆಣ್ಣಿನಿಂದ ತಟ್ಟಿ ಕೇಳುವುದು ನನ್ನ ರೂಢಿ. ಸರಿಯಾದದ್ದು ಕಂಚಿನಂತೆ ನುಡಿಯುತ್ತದೆ, ಒಳಬಿರುಕಿದ್ದರೆ ಡಬ್ ಎನ್ನುತ್ತದೆ.

ಗ್ಲೇಜ್ ಹಚ್ಚಿದ ಪಾತ್ರೆಗಳ ನಡುವೆ ಕಿರುಬೆರಳು ತೂರುವಷ್ಟು ಸಂದು ಬಿಡಿ. ಗ್ಲೇಜ್ ಕರಗುವಾಗ ಗುಳ್ಳೆ ಎದ್ದು ಉಬ್ಬುತ್ತದೆ, ಪಕ್ಕದ್ದನ್ನು ಮುಟ್ಟಿದರೆ ಎರಡೂ ಒಂದಾಗುತ್ತವೆ. ಕಾಯಿಲ್‌ಗಳಿಂದ ಎರಡೂವರೆ ಸೆಂಟಿಮೀಟರ್ ದೂರವಿರಲಿ, ಥರ್ಮೋಕಪಲ್ಲಿನ ತುದಿಯಿಂದಲೂ ಅಷ್ಟೇ. ನಿಮ್ಮ ಮೂರು ಎತ್ತರದ ಹೂಜಿಗಳನ್ನು ಕೆಳಗೆ ಅಗಲವಾಗಿ ಹರಡಿ, ಸಣ್ಣ ಲೋಟಗಳನ್ನು ನಡುವೆ ಮತ್ತು ಮೇಲೆ ತುಂಬಿ. ಆಗ ತಣ್ಣನೆಯ ತಳಕ್ಕೆ ಹಗುರವಾದ ಕೆಲಸ, ಬಿಸಿಯಾದ ಮೇಲ್ಭಾಗಕ್ಕೆ ಭಾರವಾದ ಕೆಲಸ ಬೀಳುತ್ತದೆ. ಪೂರ್ತಿ ಅಗಲದ ಶೆಲ್ಫಿನ ಬದಲು ಅರ್ಧ ಶೆಲ್ಫುಗಳನ್ನು ಬೇರೆ ಬೇರೆ ಎತ್ತರದಲ್ಲಿ ಕೂರಿಸಿದರೆ ಇನ್ನೂ ಒಳ್ಳೆಯದು.

ಇನ್ನು ಹರಿದ ಗ್ಲೇಜಿನ ವಿಚಾರ. ಮೇಲಿನದು ಹೆಚ್ಚು ಸುಟ್ಟಿದೆ ಎಂದೇ ತೀರ್ಮಾನಿಸಬೇಡಿ. ಹೂಜಿಯ ಮೇಲೆ ಎಷ್ಟು ದಪ್ಪ ಹಚ್ಚಿದ್ದಿರಿ? ಎತ್ತರದ ಪಾತ್ರೆಯನ್ನು ತಲೆಕೆಳಗಾಗಿ ಅದ್ದಿ, ಆಮೇಲೆ ಬುಡದ ಕಡೆಯಿಂದಲೂ ಅದ್ದಿದರೆ ನಡುವೆ ಎರಡು ಪದರ ಕೂಡುತ್ತದೆ. ಹರಿಯಲು ಅದೊಂದೇ ಸಾಕು.

ಹೊಸ ತಿಗರಿ

ಇಬ್ಬರಿಗೂ ಧನ್ಯವಾದಗಳು. ಹೌದು, ಎರಡು ಸಲ ಅದ್ದಿದ್ದೆ, ನಡುಪಟ್ಟಿಯಲ್ಲಿ ದಪ್ಪವಾಗಿದ್ದು ಆಗಲೇ ಕಣ್ಣಿಗೆ ಬಿದ್ದಿತ್ತು. ಕೋನ್ ಇಟ್ಟಿರಲಿಲ್ಲ, ಅಂಕಿ ತೋರಿಸುವ ಯಂತ್ರ ಇರುವಾಗ ಅದೇಕೆ ಎಂದುಕೊಂಡಿದ್ದೆ. ಒಡೆದ ಹೂಜಿಯ ಬಗ್ಗೆ ಯಾರೂ ಹೇಳಲಿಲ್ಲ. ಅದನ್ನು ಹನ್ನೆರಡು ದಿನ ಒಣಗಿಸಿದ್ದೆ. ಒಳಗೆ ಗಾಳಿಗುಳ್ಳೆ ಉಳಿದು ಒಡೆಯಿತೇ?

ಹಸಿಮಣ್ಣು

ಗಾಳಿಗುಳ್ಳೆಯನ್ನು ಎಲ್ಲರೂ ದೂರುತ್ತಾರೆ, ಪಾಪ. ಒಡೆಯುವುದು ಗಾಳಿಯಿಂದಲ್ಲ, ನೀರಿನಿಂದ. 100 ಡಿಗ್ರಿ ದಾಟಿದಾಗ ಮಣ್ಣಿನೊಳಗೆ ಉಳಿದ ನೀರು ಹಬೆಯಾಗಿ ತನ್ನ ಗಾತ್ರದ ಸಾವಿರದ ಆರುನೂರು ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ. ತೆಳ್ಳನೆಯ ಗೋಡೆಯಾದರೆ ಹಬೆ ಹೇಗೋ ನುಸುಳಿ ಹೋಗುತ್ತದೆ. ದಪ್ಪ ಬುಡದ ನಡುವಿನಿಂದ ಹೊರಬರಲು ದಾರಿ ದೂರ. ಪೂರ್ತಿ ಒಣಗಿದ ಪಾತ್ರೆಯಲ್ಲಿ ಗಾಳಿಗುಳ್ಳೆ ಇದ್ದರೂ ಅದು ಸುರಕ್ಷಿತವಾಗಿ ಸುಟ್ಟುಕೊಂಡು ಬರುತ್ತದೆ.

ಹನ್ನೆರಡು ದಿನ ಎಂಬ ಲೆಕ್ಕದಿಂದ ಏನೂ ತಿಳಿಯುವುದಿಲ್ಲ, ಏಕೆಂದರೆ ಗಾಳಿಯಲ್ಲಿ ತೇವ ಇದ್ದಷ್ಟು ದಿನ ಮಣ್ಣಿನಲ್ಲೂ ತೇವ ಇದ್ದೇ ಇರುತ್ತದೆ. ನಾನು ಪಾತ್ರೆಯ ಬುಡವನ್ನು ಕೆನ್ನೆಗೆ ಒತ್ತಿ ನೋಡುತ್ತೇನೆ. ತಣ್ಣಗೆ ತಗುಲಿದರೆ ಅಲ್ಲಿಂದ ಇನ್ನೂ ನೀರು ಆರುತ್ತಿದೆ. ಕೋಣೆಯಷ್ಟೇ ಬೆಚ್ಚಗಿದೆ ಎನಿಸಿದರೂ ನಂಬದೆ, ಆವಿಗೆಯನ್ನು 85 ಡಿಗ್ರಿಗೆ ಏರಿಸಿ, ಮೇಲಿನ ಇಣುಕುಕಿಂಡಿಯ ಬಿರಡೆ ತೆಗೆದು, ಆರೇಳು ಗಂಟೆ ಅಲ್ಲೇ ನಿಲ್ಲಿಸುತ್ತೇನೆ. ದಪ್ಪ ಕೆಲಸವಿದ್ದರೆ ಇಡೀ ರಾತ್ರಿ. ಕಿಂಡಿಯ ಎದುರು ಕನ್ನಡಿಯೊಂದನ್ನು ಕ್ಷಣಕಾಲ ಹಿಡಿಯಿರಿ. ಅದು ಮಂಜಾದರೆ ಇನ್ನೂ ಕಾಯಬೇಕು. ಸ್ವಚ್ಛವಾಗಿ ಉಳಿದರೆ ಮುಂದೆ ಹೋಗಬಹುದು.

ಆ ನೀರು ಹೋದ ಮೇಲೂ ಇನ್ನೊಂದು ನೀರು ಉಳಿದಿರುತ್ತದೆ. ಮಣ್ಣಿನ ಕಣದೊಳಗೇ ಕಟ್ಟುಬಿದ್ದಿರುವ ಅದು ಹೊರಬರುವುದು ಸರಿಸುಮಾರು 450ರಿಂದ 600 ಡಿಗ್ರಿಯ ನಡುವೆ. ಶುದ್ಧ ಕೆಯೋಲಿನ್ (ಬಿಳಿ ಜೇಡಿಮಣ್ಣು) ಆದರೆ ತೂಕದ ನೂರಕ್ಕೆ ಹದಿನಾಲ್ಕರಷ್ಟು ಹೀಗೆ ಹೋಗುತ್ತದೆ. ಅಲ್ಲಿಂದ ಹಿಂದಕ್ಕೆ ದಾರಿಯಿಲ್ಲ, ನೆನೆಸಿದರೆ ಮತ್ತೆ ಜೇಡಿಯಾಗುವುದಿಲ್ಲ. ಅದೇ ದಾರಿಯಲ್ಲಿ 573 ಡಿಗ್ರಿಯಲ್ಲಿ ಮಣ್ಣಿನೊಳಗಿನ ಬೆಣಚು ಥಟ್ಟನೆ ಹಿಗ್ಗುತ್ತದೆ. ಆದ್ದರಿಂದ 600 ದಾಟುವವರೆಗೆ ಗಂಟೆಗೆ 100ಕ್ಕಿಂತ ಹೆಚ್ಚು ಬೇಡ. 700ರಿಂದ 900ರ ನಡುವೆಯೂ ಆತುರ ಪಡಬೇಡಿ. ಮಣ್ಣಿನಲ್ಲಿರುವ ಇಂಗಾಲ ಉರಿದು ಹೋಗುವ ಕಾಲವದು; ಆಗ ಒಳಗೆ ಸಿಕ್ಕಿಕೊಂಡದ್ದು ಗ್ಲೇಜ್ ಸುಡುವಾಗ ಅನಿಲವಾಗಿ ಎದ್ದು ಸೂಜಿಮೊನೆಯಂಥ ತೂತುಗಳನ್ನು ಬಿಡುತ್ತದೆ.

ಬಿಸ್ಕಿನಲ್ಲಿ ಒಟ್ಟುವುದಕ್ಕೆ ಅಷ್ಟು ಮಡಿ ಬೇಕಾಗಿಲ್ಲ. ಗ್ಲೇಜ್ ಇಲ್ಲದ್ದರಿಂದ ಒಂದಕ್ಕೊಂದು ತಾಗಬಹುದು, ಬಟ್ಟಲೊಳಗೆ ಬಟ್ಟಲು ಇಡಬಹುದು, ಬಾಯಿಗೆ ಬಾಯಿ ಕೊಟ್ಟು ಕವುಚಬಹುದು. ಒಳಗಿನದು ಹೊರಗಿನದರ ಅಂಚಿಗೆ ಸಿಕ್ಕಿಹಾಕಿಕೊಳ್ಳದೆ ಬುಡದ ಮೇಲೆ ಕುಳಿತಿರಬೇಕು, ಅಷ್ಟೇ. ಮುಚ್ಚಳವಿರುವ ಪಾತ್ರೆಯನ್ನು ಮುಚ್ಚಳದೊಂದಿಗೇ ಸುಟ್ಟರೆ ಎರಡೂ ಒಂದೇ ಬಗೆಯಾಗಿ ಕುಗ್ಗುತ್ತವೆ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯಲ್ಲಿ ದೊಣ್ಣೆಯ ಜಾಗಕ್ಕೆ ಹಬೆಯನ್ನು ಇಟ್ಟರೂ ನಡೆಯುತ್ತದೆ.

ಬೂದಿಬಣ್ಣ

ಒಟ್ಟುವ ಕ್ರಮವನ್ನು ಬದಲಾಯಿಸುವ ಮೊದಲು ಕೆಳಗಿನ ಕಾಯಿಲ್ ಬದುಕಿದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ಸಂಪರ್ಕವನ್ನು ಮೂಲದಲ್ಲೇ ಪೂರ್ತಿ ಕಡಿದ ಮೇಲೆ ಮಲ್ಟಿಮೀಟರಿನಿಂದ ಪ್ರತಿ ಕಾಯಿಲ್ಲಿನ ರೋಧವನ್ನು ಅಳೆದು ಬರೆದಿಡಿ. ಹಳತಾದಂತೆ ರೋಧ ಏರುತ್ತದೆ. ಹೊಸದರಲ್ಲಿದ್ದುದಕ್ಕಿಂತ ನೂರಕ್ಕೆ ಹತ್ತರಷ್ಟು ಏರಿದಾಗ ಬದಲಿಸುವುದು ವಾಡಿಕೆ. ಥರ್ಮೋಕಪಲ್ ಕೆ ಬಗೆಯದಾದರೆ ಹೆಚ್ಚಿನ ಉಷ್ಣತೆಯ ಸುಡುವಿಕೆಗಳಲ್ಲಿ ಅದು ಕ್ರಮೇಣ ತಪ್ಪು ಹೇಳತೊಡಗುತ್ತದೆ. ಅದರ ತುದಿ ಇಟ್ಟಿಗೆಯ ಒಳಗೇ ಹುದುಗಿರದೆ ಕೋಣೆಯೊಳಕ್ಕೆ ಚಾಚಿಕೊಂಡಿದೆಯೇ ಎಂಬುದನ್ನೂ ನೋಡಿ.

ಇಲ್ಲಿ ಯಾರೂ ಎತ್ತದ ಕೆಲವು ಮಾತುಗಳಿವೆ. ಬಿಸ್ಕ್ ಸುಡುವಾಗ ಹೊರಬರುವ ಗಾಳಿಯಲ್ಲಿ ಇಂಗಾಲದ ಮಾನಾಕ್ಸೈಡ್ ಇರುತ್ತದೆ, ಗಂಧಕದ ಅನಿಲವೂ ಇರಬಹುದು. ಮಲಗುವ ಕೋಣೆಯ ಪಕ್ಕದಲ್ಲಿ, ಕಿಟಕಿ ಮುಚ್ಚಿಕೊಂಡು ಆವಿಗೆ ಹಚ್ಚಬೇಡಿ. ಸುತ್ತ ಕನಿಷ್ಠ 45 ಸೆಂ.ಮೀ. ಜಾಗ ಬರಿದಾಗಿರಲಿ, ಪರದೆ, ರಟ್ಟು, ಮರದ ಕಪಾಟು ಯಾವುದೂ ಬೇಡ. ಬಿಳಿಗಾವಿನ ಆವಿಗೆಯೊಳಕ್ಕೆ ಬರಿಗಣ್ಣಿನಲ್ಲಿ ಇಣುಕಿದರೆ ಕಣ್ಣಿಗೆ ಕೇಡು. ಅವಕೆಂಪು ಕಿರಣ ತಡೆಯುವ ಗಾಢ ಕನ್ನಡಕ ಹಾಕಿಕೊಳ್ಳಿ. ಶೆಲ್ಫಿನಿಂದ ಗ್ಲೇಜ್ ಕೆತ್ತುವಾಗ ಕಣ್ಣಿಗೂ ಮೂಗಿಗೂ ರಕ್ಷಣೆ ಇರಲಿ. ಆ ಚಕ್ಕೆಗಳು ಗಾಜಿನ ಚೂರಿಯಂತೆ ಹಾರುತ್ತವೆ, ಆ ದೂಳು ಶ್ವಾಸಕೋಶದಲ್ಲಿ ಉಳಿಯುತ್ತದೆ. ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ.

ಹಳೆಯ ಆವಿಗೆ

ಕೆಮ್ಮಣ್ಣು ಅವರ ಕ್ರಮವನ್ನು ಒಪ್ಪಿಕೊಂಡೇ ಒಂದು ಮಾತು ಸೇರಿಸುತ್ತೇನೆ. ಎಷ್ಟೇ ಜಾಣತನದಿಂದ ಒಟ್ಟಿದರೂ ಒಂದೇ ಥರ್ಮೋಕಪಲ್ಲಿನ ಆವಿಗೆ ಮೇಲೆ ಕೆಳಗೆ ಸಮನಾಗಬೇಕಾದರೆ ಅದಕ್ಕೆ ಹೊತ್ತು ಕೊಡಬೇಕು. ಕೊನೆಯ 100 ಡಿಗ್ರಿಯನ್ನು ಗಂಟೆಗೆ 60ರಂತೆ ಏರಿಸಿ, ತುದಿಯಲ್ಲಿ ಹತ್ತು ಹದಿನೈದು ನಿಮಿಷ ನಿಲ್ಲಿಸಿ. ಹಿಂದುಳಿದ ತಳಕ್ಕೆ ಮೇಲಿನದನ್ನು ಹಿಡಿಯಲು ಅವಕಾಶ ಸಿಗುತ್ತದೆ. ಆದರೆ ನಿಲ್ಲಿಸುವುದೂ ಸುಡುವಿಕೆಯೇ, ಅದರಿಂದ ಕೋನ್ ಇನ್ನಷ್ಟು ಬಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದು ತುದಿಯ ಅಂಕಿಯನ್ನು ಏಳೆಂಟು ಡಿಗ್ರಿ ಇಳಿಸಿಕೊಳ್ಳಿ.

ಶೆಲ್ಫಿನ ಮೇಲ್ಮೈಗೆ ಕಿಲ್ನ್ ವಾಶ್ ಎಂಬ ಅಂಟುತಡೆ ಲೇಪ ಬಳಿದಿದ್ದರೆ ನಿಮ್ಮ ಹೂಜಿಯ ಬುಡ ಕಿತ್ತುಬರುತ್ತಿರಲಿಲ್ಲ. ಕೆಯೋಲಿನ್ ಮತ್ತು ಅಲ್ಯುಮಿನಾ ಹೈಡ್ರೇಟ್ ಸಮಪಾಲು ಬೆರೆಸಿ, ಕೆನೆಯಷ್ಟು ತೆಳ್ಳಗೆ ಕಲಸಿ, ಎರಡು ಮೂರು ಪದರ ಹಚ್ಚಿ. ಅಡಿಮೈಗೆ ಹಚ್ಚಬೇಡಿ, ಅದು ಉದುರಿ ಕೆಳಗಿನ ಬಟ್ಟಲಿನ ಗ್ಲೇಜಿನಲ್ಲಿ ಕೂರುತ್ತದೆ. ಪಾತ್ರೆಯ ಬುಡದಿಂದ ಮೂರು ನಾಲ್ಕು ಮಿಲಿಮೀಟರ್ ಎತ್ತರದವರೆಗೆ ಗ್ಲೇಜನ್ನು ಒದ್ದೆ ಸ್ಪಂಜಿನಿಂದ ಒರೆಸಿ ತೆಗೆಯಿರಿ. ಹರಿಯುವ ಸ್ವಭಾವದ ಗ್ಲೇಜ್ ಆದರೆ ಅದೇ ಮಣ್ಣಿನ ಬಿಸ್ಕ್ ಬಿಲ್ಲೆಯೊಂದನ್ನು ಕೆಳಗಿಡಿ. ಹರಿದರೆ ಬಿಲ್ಲೆ ಹೋಗುತ್ತದೆ, ಶೆಲ್ಫ್ ಉಳಿಯುತ್ತದೆ.

ತೆರೆಯುವ ವಿಚಾರದಲ್ಲಿ ನಾನು ಹಟಮಾರಿ. ಇಳಿಯುವಾಗಲೂ 573ರಲ್ಲಿ ಬೆಣಚು ಕುಗ್ಗುತ್ತದೆ; ಮಣ್ಣಿನಲ್ಲಿ ಕ್ರಿಸ್ಟೊಬಲೈಟ್ (ಸಿಲಿಕಾದ ಇನ್ನೊಂದು ಹರಳು ರೂಪ) ಹುಟ್ಟಿದ್ದರೆ 226ರ ಆಸುಪಾಸಿನಲ್ಲಿ ಇನ್ನೊಮ್ಮೆ. ಆಗ ಮುಚ್ಚಳ ಎತ್ತಿದರೆ ಅಂಚು ತಣ್ಣಗಾಗಿ ಬುಡ ಬಿಸಿಯಾಗೇ ಉಳಿದು, ಪಾತ್ರೆ ನೇರ ಗೆರೆಯಲ್ಲಿ ಸೀಳುತ್ತದೆ. ನಾನು 100ಕ್ಕೆ ಇಳಿಯುವವರೆಗೆ ಮುಚ್ಚಳ ಮುಟ್ಟುವುದಿಲ್ಲ. ತೆರೆದ ಮೇಲೆ ಟಿಣ್ ಟಿಣ್ ಎಂಬ ಸದ್ದು ಕೇಳಿ ಸಂಗೀತ ಎಂದು ಸಂತೋಷಪಡುವವರಿದ್ದಾರೆ. ಅದು ಗ್ಲೇಜ್ ಬಿರಿಯುವ ಸದ್ದು.

ಹೊಸ ತಿಗರಿ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಕಾಯಿಲ್‌ಗಳ ರೋಧ ಅಳೆಸಿದೆ, ಎಲ್ಲವೂ ಸಮನಾಗಿವೆ. ಶೆಲ್ಫಿನ ಗುಳಿಯನ್ನು ತಿಕ್ಕಿ ಸಮ ಮಾಡಿ ವಾಶ್ ಬಳಿದೆ. ಎತ್ತರದ ಹೂಜಿಗಳು ಕೆಳಗೆ, ನಡುವೆ ಹದಿಮೂರು ಲೋಟ, ಮೇಲೆ ಅರ್ಧ ಶೆಲ್ಫುಗಳಲ್ಲಿ ಹನ್ನೊಂದು ಬಟ್ಟಲು. ಪ್ರತಿ ಮಟ್ಟದಲ್ಲೂ ಮೂರು ಕೋನ್‌ಗಳನ್ನು ನಿಲ್ಲಿಸಿದ್ದೆ. ಕೊನೆಯ 100 ಡಿಗ್ರಿ ಗಂಟೆಗೆ 60ರಂತೆ, ತುದಿ 1215, ಹದಿನೈದು ನಿಮಿಷ ನಿಲುಗಡೆ. ರಾತ್ರಿ ಎರಡು ಗಂಟೆಗೆ ಕನ್ನಡಕ ಹಾಕಿಕೊಂಡು ನಡುವಿನ ಕಿಂಡಿಯಿಂದ ನೋಡಿದಾಗ ಮೊದಲು ಬರೀ ಬೆಳಕೇ ಕಂಡಿತು. ಸ್ವಲ್ಪ ಹೊತ್ತಿನ ಮೇಲೆ ಆ ಬೆಳಕಿನೊಳಗೆ ಐದನೆಯ ಕೋನ್ ಮಲಗಿರುವುದು, ಆರನೆಯದು ತಲೆ ತಗ್ಗಿಸುತ್ತಿರುವುದು ಗೆರೆ ಎಳೆದಂತೆ ಕಾಣತೊಡಗಿತು.

ನಿನ್ನೆ ಸಂಜೆ 90 ಡಿಗ್ರಿಯಲ್ಲಿ ತೆರೆದೆ. ಮೇಲೆ ಕೋನ್ 6 ಪೂರ್ತಿ ಬಿದ್ದಿದೆ, 7ರ ತುದಿ ಈಗಷ್ಟೇ ಬಾಗಿದೆ. ನಡುವೆ 6 ಸರಿಯಾಗಿ ಬುಡದ ಮಟ್ಟಕ್ಕೆ ಬಂದಿದೆ. ಕೆಳಗೆ 5 ಬಿದ್ದಿದೆ, 6 ಅರ್ಧಕ್ಕೆ ಬಾಗಿ ನಿಂತಿದೆ. ಯಾವ ಪಾತ್ರೆಯೂ ಅಂಟಿಲ್ಲ. ಕೆಳಗಿನ ಹೂಜಿಗಳ ಗ್ಲೇಜ್ ಕರಗಿ ನುಣುಪಾಗಿದೆ, ಆದರೆ ಬಟ್ಟಲುಗಳಿಗಿರುವ ಹೊಳಪು ಅವಕ್ಕಿಲ್ಲ. ಹೂಜಿಗಳನ್ನು ಈ ಸಲ ಒಂದೇ ಬಾರಿ ಅದ್ದಿದ್ದೆ. ಉಳಿದ ಆ ಅರ್ಧ ಕೋನಿನ ಅಂತರವನ್ನು ನೀಗಿಸಲು ನಿಲುಗಡೆಯನ್ನು ಮೂವತ್ತು ನಿಮಿಷಕ್ಕೆ ಹೆಚ್ಚಿಸಲೇ?

ಕೆಮ್ಮಣ್ಣು

ಬೇಡ. ಮೇಲೆ ಏಳನೆಯದು ಆಗಲೇ ತುದಿ ಬಾಗಿಸಿದೆ, ಇನ್ನು ಹದಿನೈದು ನಿಮಿಷ ಸೇರಿಸಿದರೆ ಬಟ್ಟಲುಗಳು ಹರಿಯಲಾರಂಭಿಸುತ್ತವೆ. ಮನೆಯ ಆವಿಗೆಯಲ್ಲಿ ಅರ್ಧ ಕೋನಿನ ವ್ಯತ್ಯಾಸ ದೊಡ್ಡದಲ್ಲ, ನನ್ನದರಲ್ಲೂ ಅಷ್ಟು ಇದೆ. ಕೆಳಗಿನ ಶೆಲ್ಫಿಗೆ ಕೋನ್ 5ರಲ್ಲೇ ಹದವಾಗುವ ಗ್ಲೇಜ್ ಹಚ್ಚಿದ್ದನ್ನು ಮಾತ್ರ ಇಡುತ್ತ ಬನ್ನಿ. ಮೂರು ಮಟ್ಟದ ಬಾಗಿದ ಕೋನ್‌ಗಳನ್ನು ಎಸೆಯದೆ, ದಿನಾಂಕ ಮತ್ತು ಯಾವ ಶೆಲ್ಫ್ ಎಂಬುದನ್ನು ಬುಡದ ಮೇಲೆ ಬರೆದು, ಜೋಡಣೆಯ ಚಿತ್ರವಿರುವ ಪುಸ್ತಕದ ಜೊತೆ ಡಬ್ಬಿಯಲ್ಲಿ ಹಾಕಿಡಿ. ಮುಂದೊಂದು ದಿನ ಕೆಳಗಿನ ಆರನೆಯ ಕೋನ್ ಇಂದಿಗಿಂತ ನೆಟ್ಟಗೆ ನಿಂತಿರುವುದು ಕಂಡರೆ, ಆಗ ಬೂದಿಬಣ್ಣ ಅವರು ಹೇಳಿದಂತೆ ಕಾಯಿಲ್ ಅಳೆಸಿ.